ಬ್ಯಾಂಡ್ ಮುಗಿದ ಮೇಲೆ ರಿಂಗೋ ಕೈ ಏನಾಯ್ತು?

ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ: 'ಬೀಟಲ್ಸ್ ಒಡೆದ ಮೇಲೂ ರಿಂಗೋ ಸ್ಟಾರ್ ಒಳ್ಳೆಯ ಡ್ರಮ್ಮರ್ ಆಗಿಯೇ ಉಳಿದ.' ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಅರ್ಧ ಜನ ಜಗಳಕ್ಕೇ ಬಂದಿದ್ದಾರೆ. ಸರಿ, ಈ ಸಲದ ಅಂಕಣ ಪೂರ್ತಿ ಅವನಿಗೇ ಇರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬೀಟಲ್ಸ್ ಅಂದರೆ ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ಕು ಹುಡುಗರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ರಿಂಗೋ ಕೊನೆಗೆ ಸೇರಿದವನು, 1962ರ ಆಗಸ್ಟಿನಲ್ಲಿ. 1970ರಲ್ಲಿ ಬ್ಯಾಂಡ್ ಮುಗಿಯಿತು. ಅಂದರೆ ಬ್ಯಾಂಡಿನಲ್ಲಿ ಬಾರಿಸಿದ್ದು ಎಂಟು ವರ್ಷವೂ ತುಂಬಿಲ್ಲ. ಅದರಾಚೆ ಬಾರಿಸಿದ್ದು ಐವತ್ತು ವರ್ಷಕ್ಕೂ ಜಾಸ್ತಿ. 1940ರಲ್ಲಿ ಹುಟ್ಟಿದ ಹಿರಿಯರನ್ನು 'ಅವನು' ಅನ್ನುತ್ತೀಯಲ್ಲ ಎಂದು ಯಾರೂ ಬೈಯಬೇಡಿ. ನಾನು 22 ವರ್ಷ ಆರ್ಕೆಸ್ಟ್ರಾದಲ್ಲಿ ಜಾಝ್ ಡ್ರಮ್ಸ್ ಬಾರಿಸಿದವನು. ನಮ್ಮ ಕಸುಬಿನವರನ್ನು ಬಹುವಚನದಲ್ಲಿ ಕರೆದು ಅಭ್ಯಾಸವೇ ಇಲ್ಲ.

ಪ್ರಶ್ನೆ: ಸಾರ್, ನಾನು ಡಿಗ್ರಿ ಓದುತ್ತಿದ್ದೇನೆ. ಒಂದು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದೇನೆ. ಬೀಟಲ್ಸ್ ಹಾಡುಗಳಲ್ಲಿ ರಿಂಗೋ ಏನೇನೋ ವಿಚಿತ್ರ ರೋಲ್ (ಹಾಡಿನ ಸಂದಿಯಲ್ಲಿ ಉರುಳಿಸುವ ಪೆಟ್ಟುಗಳು) ಹಾಕುತ್ತಾನೆ. ಆಮೇಲಿನ ಅವನ ಸ್ವಂತ ಹಾಡುಗಳಲ್ಲಿ ಸುಮ್ನೆ ತಾಳ ಹಾಕಿಕೊಂಡು ಕೂತ ಹಾಗಿದೆ. ಕೈ ಹೋಯ್ತಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಲ್ಲಪ್ಪ, ಕೈ ಎಲ್ಲೂ ಹೋಗಿಲ್ಲ. ಆ ಕೈಗೆ ಕೆಲಸ ಹೇಳುತ್ತಿದ್ದ ಮೂವರು ಹೋದರು.

ಬೀಟಲ್ಸ್ ಕಾಲದಲ್ಲಿ ಹಾಡು ಹೇಗೆ ತಯಾರಾಗುತ್ತಿತ್ತು, ನೋಡು. ಜಾನೋ ಪಾಲೋ ಗಿಟಾರ್ ಹಿಡಿದು ಹಾಡಿ ತೋರಿಸುತ್ತಿದ್ದರು. ನೊಟೇಶನ್ ಓದುವುದು ನಾಲ್ವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ರಿಂಗೋ ಕೇಳಿಸಿಕೊಂಡು ತನ್ನ ಪಾಲಿನದನ್ನು ಹುಡುಕಬೇಕು. 1965ರ 'ಟಿಕೆಟ್ ಟು ರೈಡ್' ಹಾಕಿ ಕೇಳು. ಡ್ರಮ್ ನೇರವಾಗಿ ನಡೆಯುವುದೇ ಇಲ್ಲ, ಮುಗ್ಗರಿಸಿಕೊಂಡು ನಡೆಯುತ್ತದೆ. ಆ ನಡೆ ಪಾಲ್ ಹೇಳಿಕೊಟ್ಟಿದ್ದು ಎಂದು ಜಾನ್ ಆಮೇಲೆ ಒಪ್ಪಿಕೊಂಡಿದ್ದಾನೆ. ಒಬ್ಬ ಹೀಗೆ ಮಾಡು ಅನ್ನುತ್ತಾನೆ, ಇನ್ನೊಬ್ಬ ಬೇಡ ಅನ್ನುತ್ತಾನೆ. ಈ ಎಳೆದಾಟದ ನಡುವೆ ರಿಂಗೋ ಕೈಯಿಂದ ಏನೋ ಹೊಸದು ಬೀಳುತ್ತದೆ. 1966ರ ಆಗಸ್ಟಿನಲ್ಲಿ ಊರೂರು ತಿರುಗಿ ಪ್ರೋಗ್ರಾಂ ಕೊಡುವುದನ್ನು ಬಿಟ್ಟ ಮೇಲಂತೂ ಸ್ಟುಡಿಯೋದಲ್ಲಿ ಕೂತು ಹುಡುಕುವುದಕ್ಕೆ ವಾರಗಟ್ಟಲೆ ಸಮಯ. 1967ರ 'ಎ ಡೇ ಇನ್ ದ ಲೈಫ್' ಹಾಡಿನಲ್ಲಿ ಜಾನ್ ಒಂದು ಸಾಲು ಹೇಳಿ ಉಸಿರೆಳೆದುಕೊಳ್ಳುವಾಗ ಟಾಮ್‌ಗಳು, ಅಂದರೆ ಸೆಟ್ಟಿನ ದಪ್ಪ ದನಿಯ ಡ್ರಮ್‌ಗಳು, 'ಹೂಂ, ಆಮೇಲೆ?' ಅಂದ ಹಾಗೆ ಗುಡುಗುತ್ತವೆ. ಅದು ಗಡಿಬಿಡಿಯಲ್ಲಿ ಹೊಳೆಯುವಂಥದ್ದಲ್ಲ.

ಈಗ 1970ಕ್ಕೆ ಬಾ. ಬ್ಯಾಂಡ್ ಬಿದ್ದುಹೋಗುತ್ತಿದೆ. ರಿಂಗೋಗೆ ದಿಕ್ಕು ತೋಚದೆ ಹಳೇ ಕಾಲದ ಹಾಡುಗಳದ್ದೊಂದು ಆಲ್ಬಂ ಮಾಡಿದ. ಅವನ ಅಮ್ಮನ ತಲೆಮಾರಿನವರು ಗುನುಗುತ್ತಿದ್ದ ಹಾಡುಗಳು. ಹಿಂದೆ ದೊಡ್ಡ ವಾದ್ಯವೃಂದ, ಇವನು ಬರೀ ಗಾಯಕ. ಅದೇ ವರ್ಷ ಅಮೆರಿಕದ ನ್ಯಾಶ್‌ವಿಲ್‌ಗೆ ಹೋಗಿ ಒಂದು ಕಂಟ್ರಿ ಆಲ್ಬಂ ಹಾಡಿ ಬಂದ. ಮೂರು ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು! ಅಲ್ಲಿ ಡ್ರಮ್ಸ್‌ಗೆ ಕೂತಿದ್ದವನು ಡಿ.ಜೆ. ಫಾಂಟಾನಾ, ಎಲ್ವಿಸ್ ಪ್ರೆಸ್ಲಿಯ ಡ್ರಮ್ಮರ್. ಜಗತ್ತಿನ ಅತಿ ಪ್ರಸಿದ್ಧ ಡ್ರಮ್ಮರ್ ಮೈಕಿನ ಮುಂದೆ ನಿಂತಿದ್ದಾನೆ, ಹಿಂದೆ ಇನ್ನೊಬ್ಬ ಬಾರಿಸುತ್ತಿದ್ದಾನೆ. ಹಾಡು ಸಿದ್ಧವಾಗಿ ಬರುತ್ತದೆ, ಹಾಡಬೇಕು, ಎದ್ದು ಹೋಗಬೇಕು. ಇನ್ನು ವಿಚಿತ್ರ ರೋಲ್ ಎಲ್ಲಿಂದ ಬರಬೇಕು?

ಆದರೆ ಅದೇ 1970ರ ಕೊನೆಗೆ ಜಾನ್ ಲೆನನ್ನನ 'ಪ್ಲಾಸ್ಟಿಕ್ ಓನೋ ಬ್ಯಾಂಡ್' ಆಲ್ಬಂ ಬಂತು. ನೀನು ಕೇಳಲೇಬೇಕಾದದ್ದು ಇದು. ಹೆಚ್ಚಿನ ಹಾಡುಗಳಲ್ಲಿ ಮೂರೇ ಜನ: ಜಾನ್, ಬೇಸ್ ಗಿಟಾರಿಗೆ ಕ್ಲಾಸ್ ವೂರ್ಮನ್, ಡ್ರಮ್ಸ್‌ಗೆ ರಿಂಗೋ. ಅಡಗಿಕೊಳ್ಳುವುದಕ್ಕೆ ಜಾಗವೇ ಇಲ್ಲ. 'ರಿಮೆಂಬರ್' ಹಾಡಿನಲ್ಲಿ ಬಿಡದೆ ಓಡುತ್ತಾನೆ. 'ಹೋಲ್ಡ್ ಆನ್' ಹಾಡಿನಲ್ಲಿ ಮಗು ಮಲಗಿರುವ ಕೋಣೆಯಲ್ಲಿ ನಡೆದ ಹಾಗೆ ಬಾರಿಸುತ್ತಾನೆ. 'ಗಾಡ್' ಎಂಬ ಹಾಡಿನಲ್ಲಿ ಜಾನ್ ತಾನು ನಂಬದವರ ಪಟ್ಟಿ ಹೇಳುತ್ತಾ ಹೋಗುತ್ತಾನೆ, ಕೊನೆಗೆ 'ಬೀಟಲ್ಸ್‌ನಲ್ಲೂ ನನಗೆ ನಂಬಿಕೆ ಇಲ್ಲ' ಎಂದು ನಿಲ್ಲಿಸುತ್ತಾನೆ. ಸಂಗೀತವೂ ನಿಲ್ಲುತ್ತದೆ. ಆ ಸಾಲಿನ ತನಕ ತಾಳ ಹಿಡಿದು ಕರೆತಂದವನು ಯಾರು? ಆ ಬೀಟಲ್ಸ್‌ನ ಡ್ರಮ್ಮರ್ರೇ! ನನಗೆ ಪ್ರತಿ ಸಲ ಕೇಳಿದಾಗಲೂ ಆ ಮೌನದಲ್ಲಿ ರಿಂಗೋ ಕೋಲು ಎತ್ತಿ ಹಿಡಿದು ಕೂತಿರುವುದು ಕಣ್ಣಿಗೆ ಕಟ್ಟುತ್ತದೆ.

ಈ ಆಲ್ಬಮ್ಮಿನಲ್ಲಿ ಕೈ ಬದಲಾಗಿದೆ, ಒಪ್ಪುತ್ತೇನೆ. ಪೆಟ್ಟು ಕಡಿಮೆ, ನಡುವಿನ ಖಾಲಿ ಜಾಗ ಜಾಸ್ತಿ. ಬೀಟಲ್ಸ್‌ನ ಕೊನೆಯ ವರ್ಷಗಳಲ್ಲಿ ಐದಾರು ವಾದ್ಯಗಳ ನಡುವೆ ಸಂದಿ ಹುಡುಕಿ ಬಾರಿಸುತ್ತಿದ್ದವನಿಗೆ ಇಲ್ಲಿ ಬಯಲು ಸಿಕ್ಕಿದೆ. ಬಯಲು ಸಿಕ್ಕಿತು ಅಂತ ಕುಣಿದಾಡಲಿಲ್ಲ ನೋಡು, ಅದು ನನಗೆ ಇಷ್ಟ. ನಾನಾಗಿದ್ದರೆ ಕುಣಿಯುತ್ತಿದ್ದೆ. ಒಮ್ಮೆ ಗಣೇಶೋತ್ಸವದ ಪ್ರೋಗ್ರಾಮಿನಲ್ಲಿ ಕೀಬೋರ್ಡಿನವನು ಬರಲಿಲ್ಲ. ಖಾಲಿ ಕಂಡಲ್ಲೆಲ್ಲ ರೋಲ್ ತುಂಬಿದೆ. ಎರಡನೇ ಚರಣಕ್ಕೆ ಗಾಯಕರು ಹಿಂದೆ ತಿರುಗಿ ಒಂದು ನೋಟ ಬಿಟ್ಟರು. ಆ ನೋಟ ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: 'ರಿಂಗೋ ಜಗತ್ತಿನ ಅತ್ಯುತ್ತಮ ಡ್ರಮ್ಮರ್ ಹೋಗಲಿ, ಬೀಟಲ್ಸ್‌ನ ಅತ್ಯುತ್ತಮ ಡ್ರಮ್ಮರ್ ಕೂಡ ಅಲ್ಲ' ಎಂದು ಸ್ವತಃ ಜಾನ್ ಲೆನನ್ ಹೇಳಿದ್ದರಂತಲ್ಲ? ನೀವು ಸುಮ್ಮನೆ ಹೊಗಳುತ್ತೀರಿ.
– ಓದುಗರು, ಧಾರವಾಡ

ಉತ್ತರ: ಲೆನನ್ ಹಾಗೆ ಹೇಳಿಲ್ಲ. ಲೆನನ್ ಸತ್ತಿದ್ದು 1980ರಲ್ಲಿ. ಈ ಮಾತು ಆಮೇಲೆ ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮಗಳಲ್ಲಿ ಹುಟ್ಟಿದ ಜೋಕು. ಯಾರೋ ಲೆನನ್ ಹೆಸರಿಗೆ ಅಂಟಿಸಿದರು, ಗಟ್ಟಿಯಾಗಿ ಅಂಟಿಕೊಂಡಿತು. ಬ್ಯಾಂಡ್ ಒಡೆದು, ಒಬ್ಬರ ಮುಖ ಒಬ್ಬರು ನೋಡದ ಕಾಲದಲ್ಲಿ, ತನ್ನ ಎದೆ ಬಗೆದು ತೋರಿಸುವಂಥ ಆಲ್ಬಂ ಮಾಡುವಾಗ ಲೆನನ್ ಯಾವ ಡ್ರಮ್ಮರ್ ಬೇಕಾದರೂ ಕರೆಯಬಹುದಿತ್ತು. ರಿಂಗೋನನ್ನೇ ಕರೆದ. ಸಾಲದಾ?

ಇನ್ನೊಂದು ನಿಜ ಇದೆ, ಅದನ್ನೂ ಹೇಳಿಬಿಡುತ್ತೇನೆ. 1968ರ ಆಗಸ್ಟಿನಲ್ಲಿ ರಿಂಗೋ ಬ್ಯಾಂಡ್ ಬಿಟ್ಟು ಹೋಗಿದ್ದ, ಸುಮಾರು ಎರಡು ವಾರ. ಆಗ ಎರಡು ಹಾಡಿಗೆ ಪಾಲ್ ಡ್ರಮ್ಸ್ ಬಾರಿಸಿದ. ರಿಂಗೋ ಹೋದದ್ದು ಯಾಕೆ ಗೊತ್ತಾ? 'ನಾನು ಚೆನ್ನಾಗಿ ಬಾರಿಸುತ್ತಿಲ್ಲ, ನೀವು ಮೂವರೂ ಒಂದಾಗಿದ್ದೀರಿ, ನಾನೊಬ್ಬ ಹೊರಗಿದ್ದೇನೆ' ಅಂತ. ಅದನ್ನು ಹೇಳಲು ಜಾನ್ ಹತ್ತಿರ ಹೋದರೆ ಜಾನ್ ಅಂದನಂತೆ, 'ನೀವು ಮೂವರು ಒಂದಾಗಿದ್ದೀರಿ ಅಂದುಕೊಂಡಿದ್ದೆ.' ಪಾಲ್ ಮನೆಗೆ ಹೋದರೆ ಅಲ್ಲೂ ಅದೇ ಮಾತು. ಮೂರನೆಯವನ ಮನೆಗೆ ಹೋಗುವ ಗೋಜಿಗೆ ಹೋಗದೆ ರಿಂಗೋ ರಜೆ ಹಾಕಿ ಸಮುದ್ರದ ಕಡೆ ಹೊರಟುಬಿಟ್ಟ. ವಾಪಸ್ ಬಂದಾಗ ಡ್ರಮ್ಸ್ ತುಂಬಾ ಹೂವು. ಜಾರ್ಜ್ ಅಲಂಕಾರ ಮಾಡಿಸಿದ್ದ, ಥೇಟ್ ಆಯುಧಪೂಜೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗ ಎಡಗೈಯವನು. ಡ್ರಮ್ಸ್ ಕ್ಲಾಸಿನಲ್ಲಿ ಸೆಟ್ ತಿರುಗಿಸಿ ಇಡುವುದಿಲ್ಲ, ಎಲ್ಲರ ಹಾಗೇ ಕಲಿಯಲಿ ಎನ್ನುತ್ತಾರೆ. ರಿಂಗೋ ಕೂಡ ಎಡಗೈಯವನಂತೆ. ವಯಸ್ಸಾದ ಮೇಲೆ ಅವನಿಗೆ ಇದರಿಂದ ತೊಂದರೆ ಆಯಿತೇ?
– ತಾಯಿ, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ, ಅಮ್ಮ. ರಿಂಗೋ ಹುಟ್ಟಾ ಎಡಚ. ಅವನ ಅಜ್ಜಿಗೆ ಅದು ಅಪಶಕುನ, ಬಲಗೈಗೆ ತಿರುಗಿಸಿದರು. ಬರೆಯುವುದು ಬಲಗೈಯಲ್ಲಿ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವ ಮಗುವಿಗೆ ಅಜ್ಜಿಯಂದಿರು ಮಾಡುವುದೂ ಇದನ್ನೇ ಅಲ್ವಾ? ಆದರೆ ಡ್ರಮ್ಸ್‌ಗೆ ಕೂತಾಗ ಒಳಗಿನ ಎಡಗೈ ಹೊರಗೆ ಬರುತ್ತದೆ.

ಮಗ ಕೂರುವ ಜಾಗದಲ್ಲಿ, ಸೆಟ್ ಹಿಂದೆ ಕೂತು ನೋಡಿ. ಎಡಕ್ಕೆ ಹೈ-ಹ್ಯಾಟ್, ಅಂದರೆ ಒಂದರ ಮೇಲೊಂದು ಕೂತ ಜೋಡಿ ತಾಳ. ಮಂಡಿಗಳ ನಡುವೆ ಸ್ನೇರ್, ಅಂದರೆ 'ಟಪ್' ಅನ್ನುವ ಚುರುಕು ದನಿಯ ಡ್ರಮ್. ಮುಂದೆ ಚಿಕ್ಕ ಟಾಮ್. ಬಲಕ್ಕೆ ನೆಲದ ಮೇಲೆ ನಿಂತ ದೊಡ್ಡ ಟಾಮ್. ಬಲಗೈಯವನು ಸ್ನೇರಿನಿಂದ ಶುರು ಮಾಡಿ ಬಲಕ್ಕೆ ಉರುಳಿಸಿಕೊಂಡು ಹೋಗುತ್ತಾನೆ. ಬಲಗೈ ಮುಂದೆ, ಎಡಗೈ ಹಿಂದೆ, ಮೆಟ್ಟಿಲಿಳಿದ ಹಾಗೆ ಸಲೀಸು. ರಿಂಗೋಗೆ ಎಡಗೈ ಮುಂದಾಗಬೇಕು. ಬಲಕ್ಕೆ ಹೋಗುವ ದಾರಿಯಲ್ಲಿ ಬಲಗೈಯೇ ಅಡ್ಡ ಕೂತಿದೆ. ಎಡಗೈ ಅದನ್ನು ದಾಟಬೇಕು. ದಾಟುವಾಗ ಒಂದು ಚೂರು ತಡ, ಕೂದಲೆಳೆಯಷ್ಟು. ಬಲಗೈ ಕತ್ತರಿಯನ್ನು ಎಡಗೈಯವರಿಗೆ ಕೊಟ್ಟ ಹಾಗೆ. ಆ ತಡದಿಂದಲೇ ಅವನ ರೋಲ್‌ಗಳು ಬೇರೆಯವರದರ ಹಾಗೆ ಹರಿಯುವುದಿಲ್ಲ, ಉರುಳಿ ಬೀಳುತ್ತವೆ. ಕೆಲವು ಸಲ ದಾರಿಯನ್ನೇ ತಿರುಗಿಸಿ ದೊಡ್ಡ ಟಾಮಿನಿಂದ ಮೇಲಕ್ಕೆ ಹತ್ತುತ್ತಾನೆ. ಅವನ ಥರಾನೇ ಬಾರಿಸುತ್ತೇನೆ ಎಂದು ಹೊರಟ ಬಲಗೈ ಡ್ರಮ್ಮರ್‌ಗಳು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ವಯಸ್ಸಾದ ಮೇಲೆ ತೊಂದರೆ ಆಯಿತೇ ಅಂದಿರಿ. ತೊಂದರೆ ಅಲ್ಲ, ಅದೇ ಗುರುತಾಯಿತು. 1977ರಲ್ಲಿ ಜಾನ್ ಪಿಯಾನೋ ಬಾರಿಸಿ ಹಾಡಿ ಇಟ್ಟಿದ್ದ ಒಂದು ಹಳೇ ಕ್ಯಾಸೆಟ್ ಇತ್ತು. ಅದರ ಮೇಲೆ ಉಳಿದ ಮೂವರು ಸೇರಿ ಮಾಡಿದ 'ಫ್ರೀ ಆ್ಯಸ್ ಎ ಬರ್ಡ್' ಹಾಡು 1995ರಲ್ಲಿ ಬಂತು. ಶುರುವಿಗೇ ಎರಡು ಪೆಟ್ಟು ಬೀಳುತ್ತವೆ. ಬೇರೆ ಏನೂ ಕೇಳಬೇಕಿಲ್ಲ, ಇದು ಆ ಎಡಗೈ ಎಂದು ಗೊತ್ತಾಗುತ್ತದೆ. ಬ್ಯಾಂಡ್ ಬಿಟ್ಟ ಮೇಲೆ ರೋಲ್‌ಗಳ ಸಂಖ್ಯೆ ಇಳಿಯಿತು, ಬೀಳುವ ರೀತಿ ಬದಲಾಗಲಿಲ್ಲ.

ಮಗನ ವಿಷಯಕ್ಕೆ: ಒಂದು ತಿಂಗಳು ಎರಡೂ ಥರ ಕೂರಿಸಿ ನೋಡಿ. ಯಾವ ಕಡೆ ನಗುನಗುತ್ತಾ ಕೂರುತ್ತಾನೋ ಅಲ್ಲೇ ಬಿಡಿ. ಕ್ಲಾಸಿನವರಿಗೆ ಸೆಟ್ ತಿರುಗಿಸುವುದು ಐದು ನಿಮಿಷದ ಕೆಲಸ. ಸೋಮಾರಿತನಕ್ಕೆ ರಿಂಗೋ ಹೆಸರು ಬಳಸಿಕೊಳ್ಳುವುದು ಬೇಡ.

ಪ್ರಶ್ನೆ: ಮೇಷ್ಟ್ರೇ, ನಿವೃತ್ತನಾದ ಮೇಲೆ ಹಳೇ ಸಂಗೀತ ಕಾರ್ಯಕ್ರಮಗಳ ವಿಡಿಯೋ ನೋಡುವುದೇ ಕೆಲಸ. ಬಾಂಗ್ಲಾದೇಶಕ್ಕಾಗಿ ನಡೆದ ಕಾರ್ಯಕ್ರಮದಲ್ಲಿ ರಿಂಗೋ ಪಕ್ಕ ಇನ್ನೊಬ್ಬ ಡ್ರಮ್ಮರ್ ಕೂತಿದ್ದಾನೆ. ಆಮೇಲಿನ ಎಲ್ಲ ಕಾರ್ಯಕ್ರಮದಲ್ಲೂ ಹಾಗೇ. ಒಬ್ಬನೇ ಬಾರಿಸಲು ಆಗುತ್ತಿರಲಿಲ್ಲವೇ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಪಕ್ಕ ಕೂತವನು ಜಿಮ್ ಕೆಲ್ಟ್ನರ್. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪಂಡಿತ್ ರವಿಶಂಕರ್ ಕೇಳಿಕೊಂಡರು, ಜಾರ್ಜ್ ಹ್ಯಾರಿಸನ್ ಎಲ್ಲರನ್ನೂ ಒಟ್ಟುಗೂಡಿಸಿದ. ಮೊದಲಿಗೆ ನಮ್ಮ ರವಿಶಂಕರ್, ಅಲಿ ಅಕ್ಬರ್ ಖಾನ್, ತಬಲಕ್ಕೆ ಅಲ್ಲಾ ರಖಾ. ಆಮೇಲೆ ರಾಕ್ ತಂಡ, ಅದಕ್ಕೆ ಇಬ್ಬರು ಡ್ರಮ್ಮರ್. ಅವತ್ತು ರಿಂಗೋ ಬಾರಿಸುತ್ತಲೇ ತನ್ನ 'ಇಟ್ ಡೋಂಟ್ ಕಮ್ ಈಸಿ' ಹಾಡಿದ, ನಡುವೆ ಸಾಹಿತ್ಯ ಮರೆತ. ಹೆಸರೇ 'ಸುಲಭವಾಗಿ ಬರಲ್ಲ' ಅಂತ!

ನೀವು ಕೇಳಿದ್ದಕ್ಕೆ ನೇರ ಉತ್ತರ: ಆಗುತ್ತಿತ್ತು. ಆದರೆ ಅವನಿಗೆ ಒಬ್ಬನೇ ಇರುವುದು ಇಷ್ಟವಿಲ್ಲ. ಇದು ಅವನ ಗುಣ. ಮನೆಯಲ್ಲಿ ಒಬ್ಬನೇ ಕೂತು ಅಭ್ಯಾಸ ಮಾಡುವುದು ತನಗೆ ಯಾವತ್ತೂ ಸೇರಲಿಲ್ಲ ಎಂದು ಅವನೇ ಹೇಳುತ್ತಾ ಬಂದಿದ್ದಾನೆ. ಎದುರಿಗೆ ಹಾಡುವವರು ಬೇಕು, ಪಕ್ಕಕ್ಕೆ ಬೇಸ್ ಗಿಟಾರ್ ಬೇಕು. ಕಲಿಕೆ ಶುರುವಾದದ್ದೂ ಹಾಗೇ. ಹದಿಮೂರನೇ ವಯಸ್ಸಿಗೆ ಕ್ಷಯ ಬಂದು ಸ್ಯಾನಿಟೋರಿಯಂ ಸೇರಿದ. ಹಾಸಿಗೆ ಹಿಡಿದ ಮಕ್ಕಳಿಗೆ ಬೇಜಾರಾಗದಿರಲಿ ಎಂದು ಅಲ್ಲಿ ವಾದ್ಯ ಕೊಟ್ಟು ಒಟ್ಟಿಗೆ ಬಾರಿಸಲು ಹೇಳುತ್ತಿದ್ದರು. ಇವನು ಡ್ರಮ್ ಕೊಡದಿದ್ದರೆ ಸೇರುತ್ತಲೇ ಇರಲಿಲ್ಲ. ಪಕ್ಕದ ಕಪಾಟಿನ ಮೇಲೆ ನೂಲಿನ ಉಂಡೆ ಸುತ್ತುವ ಬಾಬಿನ್ ಹಿಡಿದು ಕುಟ್ಟುತ್ತಿದ್ದ. ಮೊದಲ ದಿನದಿಂದಲೂ ಡ್ರಮ್ ಅಂದರೆ ನಾಲ್ಕು ಜನರ ನಡುವಿನ ವಿಷಯ ಅವನಿಗೆ.

ಇಬ್ಬರು ಡ್ರಮ್ಮರ್ ಅಂದರೆ ಕೆಲಸ ಅರ್ಧ ಆಯಿತು ಅಂದುಕೊಳ್ಳಬೇಡಿ. ಎರಡು ಪಟ್ಟು ಕಷ್ಟ. ಇಬ್ಬರ ಸ್ನೇರ್ ಪೆಟ್ಟೂ ಒಂದೇ ಕ್ಷಣಕ್ಕೆ ಬಿದ್ದರೆ ಗೋಡೆಯಷ್ಟು ದಪ್ಪ ಶಬ್ದ. ಒಬ್ಬ ಒಂದು ಚೂರು ಹಿಂದೆ ಬಿದ್ದರೆ 'ಟಪ್' ಅನ್ನುವ ಕಡೆ 'ಟಪ್ಪಪ್' ಅನ್ನುತ್ತದೆ, ಹಳೇ ಚಪ್ಪಲಿ ಹಾಕಿ ನಡೆದ ಹಾಗೆ. ಹಾಗಾಗಿ ಇಬ್ಬರೂ ರೋಲ್ ಕಡಿಮೆ ಮಾಡಲೇಬೇಕು. ರಿಂಗೋ ಕೈ ಸರಳವಾದದ್ದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ಲೆಕ್ಕ. 1973ರ 'ಫೋಟೋಗ್ರಾಫ್' ಅವನ ಅತಿ ದೊಡ್ಡ ಹಾಡುಗಳಲ್ಲಿ ಒಂದು, ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಅದರಲ್ಲೂ ರಿಂಗೋ, ಕೆಲ್ಟ್ನರ್ ಇಬ್ಬರೂ ಇದ್ದಾರೆ. ಎಲ್ಲಿ ಒಬ್ಬ ಮುಗಿದು ಇನ್ನೊಬ್ಬ ಶುರುವಾಗುತ್ತಾನೆ ಎಂದು ಹೆಡ್‌ಫೋನ್ ಹಾಕಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಹುಡುಕಿದ್ದೇನೆ. ಹೆಂಡತಿ ಬಂದು 'ಕಾಫಿ ಆರಿಹೋಯ್ತು' ಅಂದಾಗಲೂ ಸಿಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಇಳಿತವೂ ಬಂತು, ಮುಚ್ಚಿಡುವುದು ಯಾಕೆ. 1977ರ ಅವನ ಆಲ್ಬಮ್ಮಿನಲ್ಲಿ ಸ್ಟೀವ್ ಗ್ಯಾಡ್ ಎಂಬ ಮಹಾ ಡ್ರಮ್ಮರ್ ಇದ್ದಾನೆ, ಕಾಲಕ್ಕೆ ತಕ್ಕ ಡಿಸ್ಕೋ ಛಾಯೆ ಇದೆ, ರಿಂಗೋ ಮಾತ್ರ ಎಲ್ಲೋ ಕಳೆದುಹೋಗಿದ್ದಾನೆ. ಆ ಆಲ್ಬಂ ನನಗೆ ಎರಡನೇ ಸಲ ಕೇಳಲಾಗಲಿಲ್ಲ. ಕುಡಿತ ಹೆಚ್ಚಾಯಿತು. 1988ರಲ್ಲಿ ಗಂಡ ಹೆಂಡತಿ ಇಬ್ಬರೂ ಅಮೆರಿಕದ ಅರಿಜೋನಾದಲ್ಲಿ ಚಿಕಿತ್ಸೆಗೆ ಸೇರಿದರು, ಬಿಟ್ಟರು. ಮಾರನೇ ವರ್ಷ ಜುಲೈನಲ್ಲಿ ಡಲ್ಲಾಸ್ ನಗರದಲ್ಲಿ ಹೊಸ ತಂಡ ಕಟ್ಟಿಕೊಂಡು ವೇದಿಕೆ ಹತ್ತಿದ. ಪಕ್ಕ ಯಾರು? ಮತ್ತೆ ಕೆಲ್ಟ್ನರ್. ಜೊತೆಗೆ ಲೆವನ್ ಹೆಲ್ಮ್ ಎಂಬ ಇನ್ನೊಬ್ಬ ದಿಗ್ಗಜ. ಒಬ್ಬರಲ್ಲ, ಮೂವರು ಡ್ರಮ್ಮರ್!

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿರುವ ಕನ್ನಡಿಗ. ಮಗಳ ಜೊತೆ ರಿಂಗೋ ಅವರ 'ಆಲ್-ಸ್ಟಾರ್ ಬ್ಯಾಂಡ್' ನೋಡಲು ಹೋಗಿದ್ದೆ. ಅರ್ಧ ಹೊತ್ತು ಮೈಕ್ ಹಿಡಿದು ಕುಣಿದರು, ಡ್ರಮ್ಸ್ ಬಾರಿಸಿದ್ದು ಬಹುತೇಕ ಬೇರೆಯವರ ಹಾಡಿಗೆ. ಡ್ರಮ್ ಸೋಲೋ ಒಂದೂ ಇಲ್ಲ. ಟಿಕೆಟ್ ದುಡ್ಡು ಎಷ್ಟು ಗೊತ್ತಾ?

ಉತ್ತರ: ಟಿಕೆಟ್ ದುಡ್ಡಿನ ಬಗ್ಗೆ ನನ್ನ ಸಂತಾಪ ಇದೆ. ಸೋಲೋ ಬಗ್ಗೆ ಇಲ್ಲ. ಬೀಟಲ್ಸ್‌ನ ಅಷ್ಟೂ ವರ್ಷಗಳಲ್ಲಿ ರಿಂಗೋ ರೆಕಾರ್ಡಿನಲ್ಲಿ ಬಾರಿಸಿದ ಸೋಲೋ ಒಂದೇ ಒಂದು, 1969ರ 'ದಿ ಎಂಡ್' ಹಾಡಿನಲ್ಲಿ. ಹದಿನೈದು ಸೆಕೆಂಡಿನ ಆಸುಪಾಸು. ಅದನ್ನೂ ಉಳಿದವರು ಕಾಡಿ ಬೇಡಿ ಬಾರಿಸಿದ್ದು. ನಮ್ಮ ಕಚೇರಿಗಳಲ್ಲಿ ಮೃದಂಗದವರಿಗೆ ತನಿ ಬಿಟ್ಟಾಗ ಸಭೆಯ ಅರ್ಧ ಜನ ಕ್ಯಾಂಟೀನಿಗೆ ಹೋಗುತ್ತಾರಲ್ಲ, ರಿಂಗೋ ಆ ಅವಕಾಶವನ್ನೇ ಕೊಡದ ಮನುಷ್ಯ.

ನೀವು ಕಂಡದ್ದನ್ನು ಇನ್ನೊಂದು ಕಡೆಯಿಂದ ನೋಡಿ. ಆ ತಂಡದಲ್ಲಿ ಎಲ್ಲರೂ ತಮ್ಮ ತಮ್ಮ ಹಿಟ್ ಹಾಡು ಹಾಡುತ್ತಾರೆ. ತನ್ನ ಹಾಡು ಮುಗಿದ ಕೂಡಲೇ ರಿಂಗೋ ಮೈಕ್ ಇಟ್ಟು, ಮೆಟ್ಟಿಲು ಹತ್ತಿ ಡ್ರಮ್ಸ್ ಹಿಂದೆ ಕೂರುತ್ತಾನೆ. ಪಕ್ಕದ ಸೆಟ್ಟಿನಲ್ಲಿ ಗ್ರೆಗ್ ಬಿಸೊನೆಟ್, 2008ರಿಂದ ಜೊತೆಗಾರ. ಬೇರೆಯವರ ಹಾಡಿಗೆ ಬಾರಿಸುವಾಗ ರಿಂಗೋ ಮುಖ ನೋಡಿದಿರಾ? ಜಗತ್ತೇ ಗುರುತಿಸುವ ವ್ಯಕ್ತಿ ಇನ್ನೊಬ್ಬರ ಹಾಡಿಗೆ ತಲೆ ಅಲ್ಲಾಡಿಸುತ್ತಾ ತಾಳ ಹಿಡಿದಿದ್ದಾನೆ. ಬ್ಯಾಂಡಿನಲ್ಲೂ ಅವನು ಮಾಡಿದ್ದು ಇದನ್ನೇ.

ಒಂದು ವ್ಯತ್ಯಾಸ ಮಾತ್ರ ಇದೆ. ಈಗ ಅವನಿಗೆ ಹಾಡು ಕೇಳಿಸುತ್ತದೆ! 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಕಿರುಚುತ್ತಿದ್ದರು. ವೇದಿಕೆಯಲ್ಲಿ ಮಾನಿಟರ್ ಸ್ಪೀಕರ್, ಅಂದರೆ ಬಾರಿಸುವವರಿಗೆ ತಮ್ಮ ಹಾಡು ಕೇಳಿಸಲು ಇಡುವ ಸ್ಪೀಕರ್, ಎಂಬುದೇ ಇರಲಿಲ್ಲ. ಆ ಕಾಲದ ಪ್ರೋಗ್ರಾಮುಗಳಲ್ಲಿ ಮುಂದೆ ನಿಂತವರ ತಲೆ, ಸೊಂಟ ಅಲ್ಲಾಡುವುದನ್ನು ನೋಡಿ ಹಾಡು ಎಲ್ಲಿಗೆ ಬಂತು ಎಂದು ಅಂದಾಜು ಮಾಡುತ್ತಿದ್ದೆ ಅಂತ ರಿಂಗೋ ಹೇಳಿಕೊಂಡಿದ್ದಾನೆ. ಅಂಥ ಕಡೆ ನವಿರು ಕೆಲಸ ಯಾರಿಗೆ ಬೇಕು? ಸ್ನೇರಿಗೆ ಬಲವಾಗಿ ಹೊಡೆ, ಹೈ-ಹ್ಯಾಟ್ ಅರ್ಧ ತೆರೆದು ಕಾರಿನ ವೈಪರ್ ಥರ ಆ ಕಡೆ ಈ ಕಡೆ ಸವರು, ಗದ್ದಲ ತುಂಬು. ವಯಸ್ಸಾದ ರಿಂಗೋ ವೇದಿಕೆಯಲ್ಲಿ ಹಾಗೆ ಮೈ ಮುರಿದು ಹೊಡೆಯಬೇಕಿಲ್ಲ. ಗ್ರೆಗ್ ಪಕ್ಕದಲ್ಲಿದ್ದಾನೆ, ಸೌಂಡ್ ಸಿಸ್ಟಂ ಇದೆ. ಮಣಿಕಟ್ಟು ಸಡಿಲ ಬಿಟ್ಟು ಬಾರಿಸುತ್ತಾನೆ. ಅದಕ್ಕೇ ಎಂಬತ್ತು ದಾಟಿದ ಮೇಲೂ ಕೂತಿದ್ದಾನೆ.

ಮಗಳಿಗೆ ಇಷ್ಟವಾಯಿತಾ ಎಂದು ನೀವು ಬರೆಯಲೇ ಇಲ್ಲ.

ಪ್ರಶ್ನೆ: ರಿಂಗೋ ರಿಷಿಕೇಶಕ್ಕೆ ಬಂದಿದ್ದನಲ್ಲ, ನಮ್ಮ ತಬಲ, ಮೃದಂಗದ ಪ್ರಭಾವ ಆಮೇಲೆ ಅವನ ವಾದನದಲ್ಲಿ ಕಾಣುತ್ತದೆಯೇ?
– ಸಂಗೀತ ಶಿಕ್ಷಕಿ, ಉಡುಪಿ

ಉತ್ತರ: ಕಾಣುವುದಿಲ್ಲ. 1968ರ ಫೆಬ್ರುವರಿಯಲ್ಲಿ ಬಂದ, ಹೊಟ್ಟೆಗೆ ಇಲ್ಲಿನ ಖಾರ ಆಗಲ್ಲ ಎಂದು ಡಬ್ಬದಲ್ಲಿ ಬೇಯಿಸಿದ ಬೀನ್ಸ್ ಹೊತ್ತು ತಂದಿದ್ದ, ಎರಡು ವಾರ ತುಂಬುವ ಮೊದಲೇ ವಾಪಸ್ ಹೋದ. ಚಿಕ್ಕಂದಿನಲ್ಲಿ ಹೊಟ್ಟೆಯ ದೊಡ್ಡ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವನು, ಪಾಪ, ನಗಬೇಡಿ. ಸಿತಾರ್ ಕಲಿತದ್ದು ಜಾರ್ಜ್. ರಿಂಗೋ ಮನಸ್ಸು ಎಳೆದದ್ದು ಯಾವಾಗಲೂ ಅಮೆರಿಕದ ಕಂಟ್ರಿ ಮತ್ತು ಬ್ಲೂಸ್ ಕಡೆಗೆ. ಹದಿಹರೆಯದಲ್ಲಿ ಟೆಕ್ಸಸ್‌ಗೆ ವಲಸೆ ಹೋಗಲು ಅರ್ಜಿ ಫಾರಂ ಕೂಡ ತಂದಿದ್ದ. 2025ರ ಜನವರಿಯಲ್ಲಿ ಮತ್ತೆ ಒಂದು ಕಂಟ್ರಿ ಆಲ್ಬಂ ತಂದ. 1970ರ ಆ ಮೂರು ದಿನದ ಆಲ್ಬಮ್ಮಿನ ಪಕ್ಕ ಇಟ್ಟು ಕೇಳಿ, ಮಜಾ ಇದೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಡ್ರಮ್ಸ್ ಅಭ್ಯಾಸ ಮಾಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ರಿಂಗೋ ಡ್ರಮ್ ಮೇಲೆ ಬಟ್ಟೆ ಹಾಕಿ ಬಾರಿಸುತ್ತಿದ್ದನಂತೆ. ನಿಜವೇ? ಹೇಗೆ ಹಾಕಬೇಕು?
– ಓದುಗ, ಹುಬ್ಬಳ್ಳಿ

ಉತ್ತರ: ನಿಜ. ಆದರೆ ನೆರೆಯವರಿಗೆ ಹೆದರಿ ಅಲ್ಲ. 1969ರ ಜನವರಿಯ ಸ್ಟುಡಿಯೋ ದೃಶ್ಯಗಳಲ್ಲಿ ಅವನ ಡ್ರಮ್‌ಗಳ ಮೇಲೆ ಪಾತ್ರೆ ಒರೆಸುವ ಬಟ್ಟೆ ಹರಡಿರುವುದು ಕಾಣುತ್ತದೆ. ಅದಕ್ಕೂ ಮೊದಲೇ, 1966ರಲ್ಲಿ, ಸೌಂಡ್ ಎಂಜಿನಿಯರ್ ಜೆಫ್ ಎಮೆರಿಕ್ ಬೇಸ್ ಡ್ರಮ್ಮಿನೊಳಗೆ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) ಉಣ್ಣೆ ಸ್ವೆಟರ್ ತುರುಕಿ ಮೈಕನ್ನು ಹತ್ತಿರ ತಂದಿದ್ದ. ಬಟ್ಟೆ ಹಾಕಿದರೆ 'ಡಂಯ್ಯ್' ಅನ್ನುವ ಬಾಲ ಹೋಗಿ 'ದಬ್' ಅನ್ನುವ ಗಟ್ಟಿ ಹೊಟ್ಟೆ ಮಾತ್ರ ಉಳಿಯುತ್ತದೆ. ಒಣಗಿದ ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ. 'ಕಮ್ ಟುಗೆದರ್' ಹಾಡಿನ ಟಾಮ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ. ಬ್ಯಾಂಡ್ ಮುಗಿದ ಮೇಲೆ ಅವನು ಬಿಡದೆ ಜೊತೆಗೆ ಒಯ್ದದ್ದು ಈ ಸದ್ದನ್ನು. 1970ರ ದಶಕದಲ್ಲಿ ಊರಿನ ಡ್ರಮ್ಮರ್‌ಗಳೆಲ್ಲ ಅದನ್ನೇ ಹಿಡಿದರು.

ನಾನು ಕಲ್ಯಾಣ ಮಂಟಪಗಳಲ್ಲಿ ಬಾರಿಸುವಾಗ ಸ್ನೇರಿಗೆ ಬಟ್ಟೆ ಹಾಕುತ್ತಿದ್ದೆ. ಒಮ್ಮೆ ಮರೆತು ಮನೆಯಲ್ಲೇ ಬಿಟ್ಟಿದ್ದೆ. ಬೀಗರ ಕಡೆಯ ಹಿರಿಯರೊಬ್ಬರ ಹೆಗಲ ಮೇಲಿನ ವಸ್ತ್ರ ಕೇಳಿ ಇಸಿದುಕೊಂಡೆ. ಕಾರ್ಯಕ್ರಮ ಮುಗಿದಾಗ ಜರಿಯಂಚು ಪೂರ್ತಿ ಕಿತ್ತುಹೋಗಿತ್ತು. ಅವರು ಏನೂ ಅನ್ನಲಿಲ್ಲ, ಮಡಚಿ ಹೆಗಲಿಗೆ ಹಾಕಿಕೊಂಡು ಊಟಕ್ಕೆ ಹೋದರು.

ಹಾಗಾಗಿ ಜರಿ ಬೇಡ. ಟರ್ಕಿ ಟವೆಲ್ಲೂ ಬೇಡ, ಕೋಲು ಪುಟಿಯುವುದೇ ಇಲ್ಲ, ಮಣಿಕಟ್ಟು ನೋವು ಬರುತ್ತದೆ. ಹಳೇ ಹತ್ತಿ ಪಂಚೆ ಹರಿದು ಒಂದೇ ಮಡಿಕೆಯಲ್ಲಿ ಡ್ರಮ್ಮಿನ ಅರ್ಧಕ್ಕೆ ಬರುವ ಹಾಗೆ ಹಾಸಿ. ಅಂಚು ರಿಮ್ಮಿನಿಂದ ಎರಡು ಬೆರಳು ಆಚೆ ಇಳಿಯಬೇಕು, ಇಲ್ಲದಿದ್ದರೆ ತಾಳದ ನಾಲ್ಕು ಸುತ್ತಿಗೇ ಜಾರಿ ಮಂಡಿ ಮೇಲೆ ಬೀಳುತ್ತದೆ. ಬೇಸ್ ಡ್ರಮ್ಮಿನೊಳಗೆ ಹಳೇ ದಿಂಬು. ಕೆಳಗೆ ಎರಡು ಪದರ ಜಮಖಾನ. ರಾತ್ರಿ ಎಂಟರ ಮೇಲೆ ಇಷ್ಟೆಲ್ಲ ಮಾಡಿದರೂ ಕೆಳಗಿನವರು ಬಂದೇ ಬರುತ್ತಾರೆ.